ಡಿಸ್ಕು ದುಡಿಯುವುದು ಯಾವಾಗ?

ಬ್ಲೆಂಡರ್‌ನಂಥ ತಂತ್ರಾಂಶದಲ್ಲಿ ಒಂದು ದೃಶ್ಯವನ್ನು ರೆಂಡರ್‌ಗೆ ಹಾಕಿ, ಪಕ್ಕದಲ್ಲೇ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಳ್ಳಿ. ಮೊದಮೊದಲು ಡಿಸ್ಕಿನ ಗೆರೆ ಒಂದಿಷ್ಟು ಏರಿಳಿಯುತ್ತದೆ. ಆಮೇಲೆ ನೆಲಕ್ಕೆ ಅಂಟಿಕೊಂಡುಬಿಡುತ್ತದೆ. ಪ್ರೊಸೆಸರಿನದೋ ಗ್ರಾಫಿಕ್ಸ್ ಕಾರ್ಡಿನದೋ ಗೆರೆ ಮಾತ್ರ ನೂರಕ್ಕೆ ನೂರರಲ್ಲಿ ನಿಂತಿರುತ್ತದೆ, ಫ್ಯಾನುಗಳು ಸದ್ದು ಏರಿಸುತ್ತವೆ. ಹತ್ತು ನಿಮಿಷವೋ ಒಂದು ಗಂಟೆಯೋ ಕಳೆದು ಚಿತ್ರ ಸಿದ್ಧವಾದಾಗ ಡಿಸ್ಕಿನ ಗೆರೆ ಒಮ್ಮೆ ಕುಪ್ಪಳಿಸಿ ಮತ್ತೆ ಮಲಗುತ್ತದೆ.

ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದರೆ ರೆಂಡರ್ ಬೇಗ ಮುಗಿಯುತ್ತದೆಯೇ ಎಂದು ಕೇಳುವವರಿಗೆ ಆ ಗೆರೆಯೇ ಉತ್ತರ. ಬಹುಮಟ್ಟಿಗೆ ಇಲ್ಲ. ಹಾಗಿದ್ದೂ ಈ ಕೆಲಸಕ್ಕೆಂದು ಎಸ್‌ಎಸ್‌ಡಿ ಇಲ್ಲದ ಯಂತ್ರ ಕೊಳ್ಳುವುದು ದಡ್ಡತನ ಎಂದೇ ಹೇಳುತ್ತೇನೆ. ಈ ಎರಡು ಮಾತೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಎಂಬುದನ್ನು ಈ ಅಧ್ಯಾಯದಲ್ಲಿ ನೋಡೋಣ.

ರೆಂಡರ್ ಎಂದರೆ ಲೆಕ್ಕ. ಪರದೆಯ ಪ್ರತಿ ಚುಕ್ಕಿಯಿಂದ ದೃಶ್ಯದೊಳಕ್ಕೆ ಕಿರಣಗಳನ್ನು ಹೊರಡಿಸಿ, ಅವು ಗೋಡೆ, ಗಾಜು, ನೀರು, ಚರ್ಮಕ್ಕೆ ಬಡಿದು ಎಲ್ಲಿ ಹೋಗುತ್ತವೆ, ಯಾವ ಬೆಳಕನ್ನು ಮುಟ್ಟುತ್ತವೆ ಎಂದು ಹಿಂಬಾಲಿಸುವ ಲೆಕ್ಕ. 1920×1080ರ ಚಿತ್ರದಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕಿಗಳಿವೆ. ಚುಕ್ಕಿಗೆ 500 ಕಿರಣ ಎಂದರೂ 100 ಕೋಟಿ ದಾಟಿತು. ಒಂದೊಂದು ಕಿರಣವೂ ಹಲವು ಸಲ ಪುಟಿಯುತ್ತದೆ. ಇಷ್ಟೆಲ್ಲ ನಡೆಯುವಾಗ ದೃಶ್ಯದ ಮಾಹಿತಿ ರ್‍ಯಾಮ್‌ನಲ್ಲೋ ಗ್ರಾಫಿಕ್ಸ್ ಕಾರ್ಡಿನ ಸ್ವಂತ ಮೆಮೊರಿಯಲ್ಲೋ ಕೂತಿರುತ್ತದೆ, ಡಿಸ್ಕಿನಲ್ಲಲ್ಲ. ಕೊನೆಗೆ ಹುಟ್ಟುವ ಫಲ ಎಷ್ಟು? ಸಿನಿಮಾದವರು ಬಳಸುವ ಇಎಕ್ಸ್‌ಆರ್ ಮಾದರಿಯಲ್ಲಿ ಚುಕ್ಕಿಗೆ 8 ಬೈಟ್ ಹಿಡಿದರೆ, ಕುಗ್ಗಿಸದೆ ಇಟ್ಟರೂ, ಸುಮಾರು 16.6 ಎಂಬಿ. ಹತ್ತು ನಿಮಿಷಕ್ಕೊಮ್ಮೆ 16 ಎಂಬಿ ಬರೆಯಲು ಯಾವ ಹಳೆಯ ಡಿಸ್ಕಾದರೂ ಸಾಕು.

ಇದು ಹೊಸ ಸಂಗತಿಯೇನಲ್ಲ. 1995ರ ‘ಟಾಯ್ ಸ್ಟೋರಿ’ಯನ್ನು ಪಿಕ್ಸಾರ್ 117 ಸನ್ ಕಂಪ್ಯೂಟರ್‌ಗಳಲ್ಲಿ ರೆಂಡರ್ ಮಾಡಿತು. ಒಂದು ಲಕ್ಷಕ್ಕೂ ಹೆಚ್ಚು ಫ್ರೇಮುಗಳಲ್ಲಿ ಹಲವಕ್ಕೆ ಗಂಟೆಗಟ್ಟಲೆ ಹಿಡಿಯಿತು. ಅಂದಿಗೂ ಇಂದಿಗೂ ಪ್ರೊಸೆಸರುಗಳು ಸಾವಿರಾರು ಪಟ್ಟು ಚುರುಕಾಗಿವೆ. ಫ್ರೇಮಿಗೆ ಹಿಡಿಯುವ ಹೊತ್ತು ಮಾತ್ರ ಈಗಲೂ ಗಂಟೆಗಳ ಲೆಕ್ಕದಲ್ಲೇ ಇದೆ. ಕಂಪ್ಯೂಟರ್ ಗ್ರಾಫಿಕ್ಸ್‌ನ ಹಿರಿಯ ಜಿಮ್ ಬ್ಲಿನ್ ಅವರ ಹೆಸರಿನಲ್ಲಿ ಒಂದು ‘ನಿಯಮ’ವೇ ಓಡಾಡುತ್ತದೆ: ಯಂತ್ರ ಎಷ್ಟೇ ವೇಗವಾಗಲಿ, ಫ್ರೇಮಿನ ಹೊತ್ತು ಇಳಿಯದು, ಏಕೆಂದರೆ ಉಳಿದ ಹೊತ್ತನ್ನೆಲ್ಲ ಕಲಾವಿದರು ಇನ್ನಷ್ಟು ಕೂದಲು, ಇನ್ನಷ್ಟು ಎಲೆ, ಇನ್ನಷ್ಟು ನೆರಳಿಗೆ ಸುರಿಯುತ್ತಾರೆ. ಆ ಕೂದಲು, ಎಲೆಗಳೆಲ್ಲ ಎಲ್ಲೋ ಒಂದು ಕಡೆ ಫೈಲುಗಳಾಗಿ ಇರಬೇಕಲ್ಲ? ಡಿಸ್ಕಿನ ಕತೆ ಶುರುವಾಗುವುದು ಅಲ್ಲಿಂದ.

ಹಾರ್ಡ್ ಡಿಸ್ಕಿನ ಮುಚ್ಚಳ ತೆಗೆದರೆ ಕಾಣುವುದು ಕನ್ನಡಿಯಂತೆ ಹೊಳೆಯುವ ತಟ್ಟೆಗಳು, ಅವುಗಳ ಮೇಲೆ ಚಾಚಿದ ತೆಳ್ಳನೆಯ ತೋಳು. (ತೆಗೆಯಬೇಡಿ. ಒಳಗೆ ಬಿದ್ದ ಒಂದು ಧೂಳಿನ ಕಣ ಸಾಕು ಅದನ್ನು ಮುಗಿಸಲು.) ಮೇಜಿನ ಕಂಪ್ಯೂಟರ್‌ನ ಸಾಮಾನ್ಯ ಡಿಸ್ಕಿನಲ್ಲಿ ತಟ್ಟೆ ನಿಮಿಷಕ್ಕೆ 7,200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ತಟ್ಟೆಯ ಹೊರ ಅಂಚು ಓಡುವುದು ಗಂಟೆಗೆ ಸುಮಾರು 130 ಕಿ.ಮೀ. ವೇಗದಲ್ಲಿ. ಅದರ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ, ತಟ್ಟೆಯನ್ನು ಮುಟ್ಟದೆ, ಓದುವ-ಬರೆಯುವ ಹೆಡ್ ತೇಲುತ್ತಿರುತ್ತದೆ. ತಟ್ಟೆಯಲ್ಲಿ ಮಾಹಿತಿ ಹೊತ್ತ ಕ್ಷೀಣವಾದ ಕಾಂತಕ್ಷೇತ್ರವನ್ನು ಓದಲು ನೆರವಾದ ಭೌತಿಕ ಪರಿಣಾಮವನ್ನು ಕಂಡುಹಿಡಿದ ಆಲ್ಬರ್ಟ್ ಫೆರ್ಟ್ ಮತ್ತು ಪೀಟರ್ ಗ್ರುನ್‌ಬರ್ಗ್ ಅವರಿಗೆ 2007ರಲ್ಲಿ ನೊಬೆಲ್ ಸಿಕ್ಕಿತು. 1956ರಲ್ಲಿ ಐಬಿಎಂ ತಯಾರಿಸಿದ ಮೊದಲ ಡಿಸ್ಕ್ ಯಂತ್ರ ರಾಮ್ಯಾಕ್‌ನಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು, ಅದರಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ. ಇಂದಿನ 4ಕೆ ಚಿತ್ರದ ಒಂದೇ ಒಂದು ಫ್ರೇಮು ಇಡಲು ಅಂಥ ಒಂದು ಡಜನ್‌ಗೂ ಹೆಚ್ಚು ಯಂತ್ರ ಬೇಕಾಗುತ್ತಿತ್ತು. ಹಾರ್ಡ್ ಡಿಸ್ಕನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವವರಿಗೆ ಇದನ್ನೆಲ್ಲ ಹೇಳಬೇಕೆನಿಸುತ್ತದೆ. ಮನುಷ್ಯ ಕಟ್ಟಿದ ಅತಿ ನಾಜೂಕಿನ ಯಂತ್ರಗಳಲ್ಲಿ ಅದೂ ಒಂದು.

ಆದರೆ ಅದು ಯಂತ್ರ. ಚಲಿಸುವ ತೋಳಿಗೆ ತೂಕವಿದೆ, ತೂಕವಿದ್ದ ಮೇಲೆ ಹೊತ್ತು ಹಿಡಿಯುತ್ತದೆ. ಬೇಕಾದ ವೃತ್ತಕ್ಕೆ ತೋಳು ಸರಿಯಲು ಸರಾಸರಿ ಎಂಟೊಂಬತ್ತು ಮಿಲಿಸೆಕೆಂಡ್. ಅಲ್ಲಿ ನಿಂತ ಮೇಲೆ ಬೇಕಾದ ಜಾಗ ಸುತ್ತಿಕೊಂಡು ಹೆಡ್ಡಿನ ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು, ಅಂದರೆ 4.2 ಮಿಲಿಸೆಕೆಂಡ್. ಒಟ್ಟು 12 ಮಿಲಿಸೆಕೆಂಡಿನ ಆಸುಪಾಸು. ಹೀಗೆ ಅಲ್ಲೊಂದು ಇಲ್ಲೊಂದು ತುಣುಕು ಕೇಳುತ್ತ ಹೋದರೆ ಸೆಕೆಂಡಿಗೆ ಎಂಬತ್ತು ತುಣುಕು ಕೊಟ್ಟರೆ ಹೆಚ್ಚು. ಒಂದೇ ದೊಡ್ಡ ಫೈಲನ್ನು ಒಂದು ಕಡೆಯಿಂದ ಓದಿಸಿ ನೋಡಿ, ಅದೇ ಡಿಸ್ಕು ಸೆಕೆಂಡಿಗೆ 150ರಿಂದ 250 ಎಂಬಿ ಸುರಿಯುತ್ತದೆ. ಎರಡು ಬಗೆಯ ಕೆಲಸಕ್ಕೂ ಇಷ್ಟೊಂದು ಅಂತರವಿರುವುದೇ ಹಾರ್ಡ್ ಡಿಸ್ಕಿನ ಸ್ವಭಾವ. ಅದನ್ನು ಕೊಳ್ಳುವವರು ಮರೆಯಬಾರದ ಸಂಗತಿಯೂ ಇದೇ.

ರೆಂಡರಿಂಗ್‌ನಲ್ಲಿ ಈ ಅಂತರ ಎಲ್ಲಿ ಚುಚ್ಚುತ್ತದೆ? ಟೆಕ್ಸ್ಚರ್‌ಗಳಲ್ಲಿ. ಗೋಡೆಯ ಗಾರೆ, ಮರದ ತೊಗಟೆ, ಮುಖದ ಚರ್ಮ, ಎಲ್ಲಕ್ಕೂ ಮೇಲೆ ಹೊದಿಸುವ ಚಿತ್ರಗಳಿವೆ. ದೊಡ್ಡ ದೃಶ್ಯದಲ್ಲಿ ಇವೆಲ್ಲ ಒಟ್ಟಿಗೆ ರ್‍ಯಾಮ್‌ನಲ್ಲಿ ಹಿಡಿಸುವುದಿಲ್ಲ. 8,192 ಚುಕ್ಕಿ ಅಗಲ, ಅಷ್ಟೇ ಎತ್ತರದ ಒಂದು ಟೆಕ್ಸ್ಚರ್ ಬಿಡಿಸಿ ಹರಡಿದರೆ 256 ಎಂಬಿ. ಅದಕ್ಕೆ ಚಿತ್ರವನ್ನು 64×64ರ ಚಿಕ್ಕ ಚೌಕಗಳಾಗಿ ಕತ್ತರಿಸಿಟ್ಟು, ಕಿರಣ ಎಲ್ಲಿ ಬಡಿಯಿತೋ ಆ ಚೌಕವನ್ನು ಮಾತ್ರ ಡಿಸ್ಕಿನಿಂದ ತರುವ ಉಪಾಯವನ್ನು ಸಿನಿಮಾ ರೆಂಡರರ್‌ಗಳು ಬಳಸುತ್ತವೆ. ಒಂದು ಚೌಕ ಸುಮಾರು 16 ಕೆಬಿ. ಕಿರಣಗಳೋ ಪುಟಿದ ಕಡೆ ಪುಟಿಯುತ್ತವೆ, ಹಾಗಾಗಿ ಬೇಡಿಕೆ ದಿಕ್ಕಾಪಾಲು. 50,000 ಚೌಕ ಬೇಕಾಯಿತೆನ್ನಿ. ಒಂದಕ್ಕೆ 12 ಮಿಲಿಸೆಕೆಂಡಿನಂತೆ ಹಾರ್ಡ್ ಡಿಸ್ಕಿಗೆ 600 ಸೆಕೆಂಡ್, ಅಂದರೆ ಹತ್ತು ನಿಮಿಷ. ಎಸ್‌ಎಸ್‌ಡಿಗೆ ಒಂದೊಂದಕ್ಕೆ 0.1 ಮಿಲಿಸೆಕೆಂಡ್ ಹಿಡಿದರೆ ಐದು ಸೆಕೆಂಡ್. ಅಕ್ಕಪಕ್ಕದ ಚೌಕಗಳನ್ನು ಒಟ್ಟಿಗೇ ಎತ್ತಿಕೊಳ್ಳುವ ಜಾಣತನ ಇರುವುದರಿಂದ ನಿಜದಲ್ಲಿ ಹಾರ್ಡ್ ಡಿಸ್ಕು ಇಷ್ಟು ಕೆಟ್ಟದಾಗಿ ಸೋಲುವುದಿಲ್ಲ. ಸೋಲುವುದಂತೂ ಹೌದು. ಪ್ರೊಸೆಸರಿನ 16 ಕೋರ್‌ಗಳು ಏಕಕಾಲಕ್ಕೆ 16 ಜಾಗಗಳಿಗೆ ಕೈಚಾಚಿದಾಗ ಒಂದೇ ತೋಳು ಯಾರಿಗೆಂದು ಓಡೀತು?

ಎಸ್‌ಎಸ್‌ಡಿಗೆ ತೋಳೇ ಇಲ್ಲ. 1967ರಲ್ಲಿ ಬೆಲ್ ಪ್ರಯೋಗಾಲಯದ ಡಾವನ್ ಕಾಂಗ್ ಮತ್ತು ಸೈಮನ್ ಸ್ಜೆ ಸುತ್ತಲೂ ನಿರೋಧಕ ಪದರವಿರುವ ಒಂದು ಪುಟ್ಟ ಗೇಟಿನಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕುವ ಬಗೆಯನ್ನು ತೋರಿಸಿದರು. ವಿದ್ಯುತ್ ಹೋದರೂ ಅವು ಅಲ್ಲೇ ಇರುತ್ತವೆ. ಎಂಬತ್ತರ ದಶಕದಲ್ಲಿ ತೊಶಿಬಾದ ಫುಜಿಯೊ ಮಸುಓಕ ಆ ತತ್ವದ ಮೇಲೆ ಫ್ಲಾಶ್ ಮೆಮೊರಿಯನ್ನು ಕಟ್ಟಿದರು. ಇಂದಿನ ಎಸ್‌ಎಸ್‌ಡಿಗಳಲ್ಲಿರುವ ನ್ಯಾಂಡ್ ಬಗೆಯನ್ನು ಅವರು ಲೋಕಕ್ಕೆ ತೋರಿಸಿದ್ದು 1987ರಲ್ಲಿ. ಎಲೆಕ್ಟ್ರಾನು ಇದೆಯೋ ಇಲ್ಲವೋ ಎಂದು ನೋಡಲು ಏನೂ ಚಲಿಸಬೇಕಾಗಿಲ್ಲ. ಅದಕ್ಕೇ ಮಿಲಿಸೆಕೆಂಡುಗಳ ಜಾಗದಲ್ಲಿ ಮೈಕ್ರೊಸೆಕೆಂಡುಗಳು ಬಂದವು. ಜೊತೆಗೆ ಒಳಗಿನ ಹಲವು ಚಿಪ್ಪುಗಳು ಒಟ್ಟಿಗೆ ದುಡಿಯಬಲ್ಲವು. ಹಳೆಯ ಸಾಟಾ ಸಂಪರ್ಕದಲ್ಲಿ 32 ಆಜ್ಞೆಗಳ ಒಂದೇ ಸಾಲು ಇತ್ತು. 2011ರಲ್ಲಿ ಬಂದ ಎನ್‌ವಿಎಂಇ ಪದ್ಧತಿ ಸಾವಿರಾರು ಸಾಲುಗಳಿಗೆ ಅವಕಾಶ ಕೊಟ್ಟಿತು. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿಯ ಹತ್ತಿರ ನಿಂತುಬಿಟ್ಟರೆ, ನಾಲ್ಕನೇ ಪೀಳಿಗೆಯ ಪಿಸಿಐ ಎಕ್ಸ್‌ಪ್ರೆಸ್ ಕೊಂಡಿಯ ಎನ್‌ವಿಎಂಇ 7,000 ಎಂಬಿ ಮುಟ್ಟುತ್ತದೆ.

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ ಈ 7,000ವನ್ನು ನೋಡಿ ಮರುಳಾಗುವ ಮುನ್ನ ಒಂದು ದ್ವೀಪದ ಕತೆ ಕೇಳಿ. 2016ರ ‘ಮೊಆನಾ’ ಚಿತ್ರದ ಮೊಟುನುಯಿ ದ್ವೀಪದ ಪೂರ್ತಿ ದೃಶ್ಯವನ್ನು ಡಿಸ್ನಿ 2018ರಲ್ಲಿ ಸಂಶೋಧಕರ ಬಳಕೆಗೆ ಬಿಟ್ಟುಕೊಟ್ಟಿತು. ಅದರಲ್ಲಿ 9 ಕೋಟಿಗೂ ಹೆಚ್ಚು ಬಿಡಿ ಮುಖಗಳಿವೆ. ಎಲೆ, ಗಿಡ, ಕಲ್ಲುಗಳ ಪುನರಾವರ್ತನೆಗಳನ್ನೂ ಸೇರಿಸಿದರೆ ಆಕೃತಿಗಳು 1,500 ಕೋಟಿ ದಾಟುತ್ತವೆ. ಮ್ಯಾಟ್ ಫಾರ್ ಎಂಬ ಗ್ರಾಫಿಕ್ಸ್ ತಜ್ಞರು ತಾವು ಸಹೋದ್ಯೋಗಿಗಳೊಂದಿಗೆ ಬರೆದಿದ್ದ ಪಿಬಿಆರ್‌ಟಿ ಎಂಬ ರೆಂಡರರ್‌ಗೆ ಈ ದ್ವೀಪವನ್ನು ಉಣಿಸಿದರು. ಮೊದಲ ಕಿರಣ ಹೊರಡುವ ಮುನ್ನವೇ ಅರ್ಧ ಗಂಟೆಗೂ ಹೆಚ್ಚು ಕಳೆಯಿತು. ಡಿಸ್ಕು ನಿಧಾನವೇ? ಸುಮಾರು ಮೂವತ್ತು ಜಿಬಿ ಫೈಲುಗಳನ್ನು ಸಾಧಾರಣ ಹಾರ್ಡ್ ಡಿಸ್ಕೂ ಸೆಕೆಂಡಿಗೆ 150 ಎಂಬಿಯಂತೆ ಮೂರು-ನಾಲ್ಕು ನಿಮಿಷದಲ್ಲಿ ಓದಿ ಮುಗಿಸಬಲ್ಲದು. ಅಳೆದು ನೋಡಿದಾಗ ಹೊತ್ತು ತಿನ್ನುತ್ತಿದ್ದುದು ಅವರ ಪ್ರೋಗ್ರಾಮೇ ಎಂದು ಗೊತ್ತಾಯಿತು. ಪಠ್ಯರೂಪದ ಫೈಲಿನಿಂದ ಅಂಕಿಗಳನ್ನು ಬಿಡಿಸುವುದು, ಒಮ್ಮೆ ಕಂಡ ಸ್ಥಾನಸೂಚಿ ಮತ್ತೆ ಬಂದರೆ ಹಳೆಯದನ್ನು ಹುಡುಕುವುದು, ಇಂಥ ಸಣ್ಣಪುಟ್ಟ ಕೆಲಸಗಳೇ ಕೋಟಿಗಟ್ಟಲೆ ಸಲ ನಡೆದು ಬೆಟ್ಟವಾಗಿದ್ದವು. ಅದನ್ನು ತಿದ್ದಿದ್ದು ಹೊಸ ಡಿಸ್ಕಿನಿಂದಲ್ಲ, ಹೊಸ ಕೋಡಿನಿಂದ.

ನಮ್ಮ ನಿಮ್ಮ ಮಟ್ಟದಲ್ಲೂ ಇದೇ ನಡೆಯುತ್ತದೆ. ಹಾರ್ಡ್ ಡಿಸ್ಕಿನಿಂದ ಸಾಟಾ ಎಸ್‌ಎಸ್‌ಡಿಗೆ ಬಂದವರಿಗೆ ಪ್ರಾಜೆಕ್ಟ್ ತೆರೆಯುವ ಹೊತ್ತು ಕಣ್ಣಿಗೆ ಹೊಡೆಯುವಷ್ಟು ಇಳಿಯುತ್ತದೆ. ಅಲ್ಲಿಂದ ಹತ್ತು ಪಟ್ಟು ವೇಗದ ಎನ್‌ವಿಎಂಇಗೆ ಹೋದವರಿಗೆ ಹತ್ತರಲ್ಲಿ ಒಂದು ಪಾಲೂ ಅನುಭವಕ್ಕೆ ಬರುವುದಿಲ್ಲ. ಏಕೆಂದರೆ ಡಿಸ್ಕು ಕೊಟ್ಟ ಜೆಪೆಗ್, ಪಿಎನ್‌ಜಿಗಳನ್ನು ಬಿಡಿಸುತ್ತ ಕೂತಿರುವುದು ಪ್ರೊಸೆಸರು. ದೃಶ್ಯ ಮೆಮೊರಿಯಲ್ಲಿ ಹಿಡಿಸಿದರೆ ರೆಂಡರ್ ಅಂತೂ ಯಾವುದರಲ್ಲೂ ಅಷ್ಟೇ ಹೊತ್ತು.

ಹಾಗಾದರೆ ಅಷ್ಟು ವೇಗ ಯಾರಿಗೆ ಬೇಕು? ಕಂಪಾಸಿಟಿಂಗ್, ಅಂದರೆ ರೆಂಡರ್ ಆದದ್ದನ್ನು ಬೆಸೆದು ಅಂತಿಮ ಚಿತ್ರ ಕಟ್ಟುವ ಕೆಲಸ, ಮಾಡುವವರಿಗೆ ಬೇಕು. 4ಕೆ ಫ್ರೇಮು ಕುಗ್ಗಿಸದಿದ್ದರೆ ಸುಮಾರು 66 ಎಂಬಿ. ರೆಂಡರ್ ಆಗುವಾಗ ಅದು ಹತ್ತಿಪ್ಪತ್ತು ನಿಮಿಷಕ್ಕೊಂದರಂತೆ ಬಂದು ಬೀಳುತ್ತದೆ. ಆದರೆ ಬಂದ ಫ್ರೇಮುಗಳನ್ನು ಜೋಡಿಸಿ ಚಲನೆ ಸರಿಯಿದೆಯೇ ಎಂದು ನೋಡಲು ಕೂತಾಗ ಅವು ಸೆಕೆಂಡಿಗೆ 24ರಂತೆ ಹೊರಬರಬೇಕು. ಅಂದರೆ ಸೆಕೆಂಡಿಗೆ 1.6 ಜಿಬಿ. ಹಾರ್ಡ್ ಡಿಸ್ಕು ಇಲ್ಲಿ ಮುಗ್ಗರಿಸುತ್ತದೆ, ಸಾಟಾ ಎಸ್‌ಎಸ್‌ಡಿಯೂ ಏದುಸಿರು ಬಿಡುತ್ತದೆ, ಎನ್‌ವಿಎಂಇ ಮಾತ್ರ ತಣ್ಣಗೆ ನಿಭಾಯಿಸುತ್ತದೆ. ಬರೆದದ್ದು ಬಿಡುವಾಗಿ, ಓದಬೇಕಾದದ್ದು ಅವಸರದಲ್ಲಿ. ಬೆಂಗಳೂರಿನ ಸ್ಟುಡಿಯೊಗಳಲ್ಲಿ ರಾತ್ರಿಯಿಡೀ ರೆಂಡರ್ ಆದದ್ದನ್ನು ಬೆಳಿಗ್ಗೆ ಬಂದು ನೋಡುವವರ ಸಂಬಳವನ್ನು ಲೆಕ್ಕಕ್ಕೆ ಹಿಡಿದರೆ ವೇಗದ ಡಿಸ್ಕಿನ ಬೆಲೆ ಬೇಗ ಹುಟ್ಟುತ್ತದೆ.

ನೀರು, ಹೊಗೆ, ಬೆಂಕಿ ಮಾಡುವವರ ಪಾಡು ಇನ್ನೊಂದು. ಹೌಡಿನಿಯಂಥ ತಂತ್ರಾಂಶದಲ್ಲಿ ಅಲೆಯೊಂದನ್ನು ಲೆಕ್ಕಿಸಿ ಫ್ರೇಮು ಫ್ರೇಮಾಗಿ ಡಿಸ್ಕಿಗೆ ಸುರಿಯುತ್ತಾರೆ. ಫ್ರೇಮಿಗೆ 500 ಎಂಬಿಯಂತೆ 200 ಫ್ರೇಮಿಗೆ 100 ಜಿಬಿ. ನಿರ್ದೇಶಕರು ಅಲೆ ಸ್ವಲ್ಪ ಎತ್ತರವಾಗಲಿ ಎಂದರೆ ಇನ್ನೊಂದು 100 ಜಿಬಿ. ಇಲ್ಲಿ ಎಸ್‌ಎಸ್‌ಡಿಯ ಗುಟ್ಟೊಂದು ಹೊರಬೀಳುತ್ತದೆ.

ಎಲೆಕ್ಟ್ರಾನು ಕೂಡಿಹಾಕುವ ಒಂದು ಕೋಶದಲ್ಲಿ ಒಂದೇ ಬಿಟ್ ಇಟ್ಟರೆ ಚಾರ್ಜ್ ಇದೆ-ಇಲ್ಲ ಎಂಬ ಎರಡೇ ಮಟ್ಟ ಗುರುತಿಸಿದರೆ ಸಾಕು. ಅಗ್ಗವಾಗಲೆಂದು ಅದೇ ಕೋಶದಲ್ಲಿ ಮೂರು ಬಿಟ್ ತುಂಬುವ ಟಿಎಲ್‌ಸಿಯಲ್ಲಿ ಎಂಟು ಮಟ್ಟ, ನಾಲ್ಕು ತುಂಬುವ ಕ್ಯುಎಲ್‌ಸಿಯಲ್ಲಿ ಹದಿನಾರು ಮಟ್ಟ. ಅಷ್ಟು ಸೂಕ್ಷ್ಮವಾಗಿ ಎಲೆಕ್ಟ್ರಾನುಗಳನ್ನು ಅಳೆದು ತುಂಬಲು ಹೊತ್ತು ಹಿಡಿಯುತ್ತದೆ. ಈ ನಿಧಾನ ಕಾಣದಿರಲೆಂದು ತಯಾರಕರು ಡಿಸ್ಕಿನ ಒಂದು ಭಾಗವನ್ನು ಕೋಶಕ್ಕೆ ಒಂದೇ ಬಿಟ್ಟಿನಂತೆ ಬಳಸಿ, ಬಂದದ್ದನ್ನು ಮೊದಲು ಅಲ್ಲಿ ಇಳಿಸಿಕೊಂಡು, ಬಿಡುವಾದಾಗ ಒಳಕ್ಕೆ ಸಾಗಿಸುತ್ತಾರೆ. ಮನೆಯ ಸಂಪಿಗೆ ಟ್ಯಾಂಕರ್ ನೀರು ಸುರಿದ ಹಾಗೆ: ಸಂಪು ತುಂಬುವವರೆಗೆ ಭರ್ರೆಂದು ಇಳಿಯುತ್ತದೆ, ತುಂಬಿದ ಮೇಲೆ ಮೋಟಾರು ಮೇಲಿನ ಟ್ಯಾಂಕಿಗೆ ಎಷ್ಟು ಎತ್ತುತ್ತದೋ ಅಷ್ಟೇ ಜಾಗ. ಡಬ್ಬಿಯ ಮೇಲಿನ ವೇಗ ಸಂಪಿನದು. 100 ಜಿಬಿ ಒಂದೇ ಉಸಿರಿಗೆ ಸುರಿದಾಗ ಕೆಲವು ಅಗ್ಗದ ಕ್ಯುಎಲ್‌ಸಿ ಎಸ್‌ಎಸ್‌ಡಿಗಳು ಹಾರ್ಡ್ ಡಿಸ್ಕಿನ ವೇಗಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಕ್ಕೆ ಇಳಿದುಬಿಡುತ್ತವೆ. ಡಿಸ್ಕು ಮುಕ್ಕಾಲು ತುಂಬಿದ್ದರೆ ಸಂಪೂ ಚಿಕ್ಕದಾಗಿರುತ್ತದೆ. ಸಿಮ್ಯುಲೇಶನ್ ಮಾಡುವವರು ಟಿಎಲ್‌ಸಿಯನ್ನೇ ಕೊಳ್ಳಬೇಕು, ಅದರಲ್ಲೂ ಐದನೇ ಒಂದು ಭಾಗವನ್ನಾದರೂ ಖಾಲಿ ಇಟ್ಟುಕೊಳ್ಳಬೇಕು ಎನ್ನುವುದು ಇದಕ್ಕೇ.

ಎಸ್‌ಎಸ್‌ಡಿ ಸವೆದುಹೋಗುತ್ತದಂತಲ್ಲ ಎಂಬ ಭಯ ಇನ್ನೂ ಅನೇಕರಲ್ಲಿದೆ. ಸವೆಯುವುದು ನಿಜ. ಬರೆದು ಅಳಿಸಿದಾಗಲೆಲ್ಲ ಎಲೆಕ್ಟ್ರಾನುಗಳು ನಿರೋಧಕ ಪದರವನ್ನು ತೂರಿ ಹಾದುಹೋಗುತ್ತವೆ, ಪದರ ಅಷ್ಟಷ್ಟೇ ಹಾಳಾಗುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. 1 ಟಿಬಿಯ ಒಳ್ಳೆಯ ಟಿಎಲ್‌ಸಿ ಎಸ್‌ಎಸ್‌ಡಿಗೆ ತಯಾರಕರು ಸಾಮಾನ್ಯವಾಗಿ ಕೊಡುವ ಭರವಸೆ 600 ಟಿಬಿ ಬರಹ. ದಿನಕ್ಕೆ 200 ಜಿಬಿಯಂತೆ ಒಂದು ದಿನವೂ ಬಿಡದೆ ಬರೆದರೂ ಎಂಟು ವರ್ಷ ಬೇಕು. ಅಷ್ಟರಲ್ಲಿ ಯಂತ್ರವೇ ಹಳತಾಗಿರುತ್ತದೆ. ನನಗೆ ಕೇಳಿದರೆ, ಸವೆತಕ್ಕಿಂತ ಬಿಸಿಗೆ ಹೆಚ್ಚು ಹೆದರಬೇಕು. ಹಲವು ಮದರ್‌ಬೋರ್ಡುಗಳಲ್ಲಿ ಎನ್‌ವಿಎಂಇ ಕೂರುವ ಜಾಗ ಸರಿಯಾಗಿ ಗ್ರಾಫಿಕ್ಸ್ ಕಾರ್ಡಿನ ಹೊಟ್ಟೆಯ ಕೆಳಗಿದೆ. ಗಂಟೆಗಟ್ಟಲೆ ರೆಂಡರ್ ಮಾಡುವ ಕಾರ್ಡು ಉಗುಳುವ ಶಾಖದಲ್ಲಿ ಎಸ್‌ಎಸ್‌ಡಿ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಒಂದು ಚಿಕ್ಕ ಹೀಟ್‌ಸಿಂಕ್ ಅಥವಾ ಬೇರೆ ಸ್ಲಾಟು ಇದಕ್ಕೆ ಮದ್ದು.

ಇನ್ನು ರ್‍ಯಾಮ್ ಸಾಲದೆ ಬಂದಾಗಿನ ಮಾತು. ದೃಶ್ಯ 40 ಜಿಬಿ, ಇರುವ ರ್‍ಯಾಮ್ 32 ಜಿಬಿ ಎಂದಾದರೆ ಮಿಕ್ಕದ್ದನ್ನು ಕಂಪ್ಯೂಟರ್ ಡಿಸ್ಕಿಗೆ ತಳ್ಳಿ, ಬೇಕೆಂದಾಗ ಎಳೆದುಕೊಳ್ಳುತ್ತದೆ. ರ್‍ಯಾಮ್ ಉತ್ತರಿಸಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ಎಸ್‌ಎಸ್‌ಡಿಗೆ ಅದರ ಸಾವಿರ ಪಟ್ಟು. ಹಾರ್ಡ್ ಡಿಸ್ಕಿಗೆ ಲಕ್ಷ ಪಟ್ಟು. ಇಲ್ಲಂತೂ ಡಿಸ್ಕು ರೆಂಡರ್‌ನ ವೇಗವನ್ನೇ ಹಿಡಿದು ನಿಲ್ಲಿಸುತ್ತದೆ. ಹಾರ್ಡ್ ಡಿಸ್ಕಿದ್ದರೆ ಯಂತ್ರ ಸತ್ತಿತೆಂದೇ ಅನಿಸುತ್ತದೆ, ಎಸ್‌ಎಸ್‌ಡಿ ಇದ್ದರೆ ಕುಂಟುತ್ತ ಸಾಗುತ್ತದೆ. ಆದರೆ ಕುಂಟುವುದಕ್ಕೆ ಊರುಗೋಲು ಕೊಳ್ಳುವ ಬದಲು ಅದೇ ದುಡ್ಡಿಗೆ ಇನ್ನಷ್ಟು ರ್‍ಯಾಮ್ ಹಾಕಿಸುವುದೇ ಸರಿ. ದೃಶ್ಯ ಪೂರ್ತಿ ಹಿಡಿಸುವಷ್ಟು ರ್‍ಯಾಮ್ ಮೊದಲು, ಎಸ್‌ಎಸ್‌ಡಿಯ ಪೀಳಿಗೆ, ವೇಗಗಳ ಚರ್ಚೆ ಆಮೇಲೆ.

ಹಾರ್ಡ್ ಡಿಸ್ಕಿಗೆ ಕೆಲಸವೇ ಇಲ್ಲವೇ? ಇದೆ, ಅದೂ ಮುಖ್ಯವಾದದ್ದು. ಮುಗಿದ ಪ್ರಾಜೆಕ್ಟು, ವರ್ಷಗಟ್ಟಲೆ ಕೂಡಿಸಿದ ಮಾಡೆಲ್-ಟೆಕ್ಸ್ಚರ್‌ಗಳು, ಹಳೆಯ ರೆಂಡರ್‌ಗಳು, ಇವು ದಿನವೂ ಬೇಕಿಲ್ಲ, ಕಳೆಯಲೂಬಾರದು. ಟಿಬಿಗೆ ಕೊಡುವ ದುಡ್ಡಿನಲ್ಲಿ ಹಾರ್ಡ್ ಡಿಸ್ಕಿಗೆ ಸಾಟಿಯಿಲ್ಲ. ಬೀರುವಿನಲ್ಲಿ ಕರೆಂಟಿಲ್ಲದೆ ಇಡುವುದಕ್ಕೂ ಅದೇ ವಾಸಿ. ಆಯುಸ್ಸಿನ ಭರವಸೆಯಷ್ಟೂ ಬರೆದು ಮುಗಿಸಿದ ಸಾಮಾನ್ಯ ಎಸ್‌ಎಸ್‌ಡಿಯಿಂದ ಜೆಡೆಕ್ ಮಾನದಂಡ ಅಪೇಕ್ಷಿಸುವುದು 30 ಡಿಗ್ರಿ ಉಷ್ಣತೆಯಲ್ಲಿ, ವಿದ್ಯುತ್ತಿಲ್ಲದೆ, ಒಂದು ವರ್ಷ ಮಾಹಿತಿ ಉಳಿಸಿಕೊಳ್ಳುವುದನ್ನು ಮಾತ್ರ. ಹೊಸ ಡಿಸ್ಕಿನಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಕಾಲ ನಿಲ್ಲುತ್ತದೆ. ಆದರೂ ಕೂಡಿಹಾಕಿದ ಎಲೆಕ್ಟ್ರಾನು ಸೋರುವ ಸರಕೇ. ಕರೆಂಟು ಹಠಾತ್ತನೆ ಹೋದಾಗ ಹಾರ್ಡ್ ಡಿಸ್ಕು ಮಾಡುವ ಒಂದು ಚಮತ್ಕಾರವನ್ನೂ ಹೇಳದೆ ಮುಂದೆ ಹೋಗಲಾರೆ: ತಿರುಗುತ್ತಿರುವ ತಟ್ಟೆಯ ವೇಗದಿಂದಲೇ ಮೋಟಾರನ್ನು ಜನರೇಟರ್ ಆಗಿಸಿಕೊಂಡು, ಆ ಚೂರು ವಿದ್ಯುತ್ತಿನಲ್ಲಿ ತೋಳನ್ನು ಸುರಕ್ಷಿತ ಜಾಗಕ್ಕೆ ಎಳೆದುಕೊಳ್ಳುತ್ತದೆ. ಬರೆಯುತ್ತಿದ್ದ ಫೈಲು ಮಾತ್ರ ಎರಡರಲ್ಲೂ ಕೆಡಬಹುದು, ಆದ್ದರಿಂದ ಯುಪಿಎಸ್ ಬೇಕೇ ಬೇಕು.

ಹಾರ್ಡ್ ಡಿಸ್ಕಿನಲ್ಲೂ ಒಂದು ಎಚ್ಚರ. ಹೆಂಚು ಹೊದಿಸಿದಂತೆ ಒಂದು ಸಾಲಿನ ಅಂಚಿನ ಮೇಲೆ ಮತ್ತೊಂದು ಸಾಲು ಬರೆದು ಜಾಗ ಉಳಿಸುವ ಎಸ್‌ಎಂಆರ್ ಬಗೆಯ ಡಿಸ್ಕುಗಳಿವೆ. ನಡುವಿನ ಸಾಲು ತಿದ್ದಬೇಕಾದರೆ ಅದರ ಮೇಲೆ ಹೊದ್ದಿರುವವನ್ನೂ ಮತ್ತೆ ಬರೆಯಬೇಕು. ಒಮ್ಮೆ ಬರೆದು ಮುಟ್ಟದೆ ಇಡಲು ಅಡ್ಡಿಯಿಲ್ಲ, ದಿನಬಳಕೆಗೂ ಹಲವು ಡಿಸ್ಕು ಸೇರಿಸಿ ಕಟ್ಟುವ ರೇಡ್‌ಗೂ ಸಲ್ಲದು. ಅಂಥ ಬಳಕೆಗೆ, ಸಾಲುಗಳು ಒಂದನ್ನೊಂದು ಹೊದೆಯದ, ಸಿಎಂಆರ್ ಎಂದಿರುವುದನ್ನೇ ಕೇಳಿ ಪಡೆಯಬೇಕು.

ಯಾವುದನ್ನೇ ಕೊಂಡರೂ ಒಂದೇ ಕಡೆ ಇಟ್ಟ ಫೈಲು ಇಲ್ಲದ್ದಕ್ಕೆ ಸಮ. 1998ರಲ್ಲಿ ‘ಟಾಯ್ ಸ್ಟೋರಿ 2’ ತಯಾರಾಗುತ್ತಿದ್ದಾಗ ಪಿಕ್ಸಾರ್‌ನಲ್ಲಿ ಯಾರೋ ಒಂದು ತಪ್ಪು ಆಜ್ಞೆ ಕೊಟ್ಟು ಚಿತ್ರದ ಬಹುಪಾಲು ಫೈಲುಗಳು ಅಳಿಸಿಹೋದವು. ಬ್ಯಾಕಪ್ ತೆಗೆದು ನೋಡಿದರೆ ಅದೂ ಸರಿಯಾಗಿ ಆಗಿರಲಿಲ್ಲ. ಮಗುವಿನ ಆರೈಕೆಗಾಗಿ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸಸ್‌ಮನ್ ಅವರ ಕಂಪ್ಯೂಟರ್‌ನಲ್ಲಿ ಒಂದು ಪ್ರತಿ ಉಳಿದಿದ್ದರಿಂದ ಚಿತ್ರ ಉಳಿಯಿತು. ಅವರು ಬಳಸಿದ ಡಿಸ್ಕು ಎಷ್ಟು ವೇಗದ್ದೆಂದು ಆ ಹೊತ್ತಿನಲ್ಲಿ ಯಾರೂ ಕೇಳಿರಲಾರರು.

ಒಬ್ಬರೇ ಕೂತು ದುಡಿಯುವ ರೆಂಡರಿಂಗ್ ಯಂತ್ರಕ್ಕೆ ನನ್ನ ತೀರ್ಪು ಇದು. ಆಪರೇಟಿಂಗ್ ಸಿಸ್ಟಂ, ತಂತ್ರಾಂಶಗಳಿಗೆ ಒಂದು ಸಾಧಾರಣ ಎನ್‌ವಿಎಂಇ. ನಡೆಯುತ್ತಿರುವ ಪ್ರಾಜೆಕ್ಟು, ಸಿಮ್ಯುಲೇಶನ್ನಿಗೆ 2 ಟಿಬಿಯ ಒಂದು ಟಿಎಲ್‌ಸಿ ಎನ್‌ವಿಎಂಇ. ನಾಲ್ಕನೇ ಪೀಳಿಗೆ ಧಾರಾಳ ಸಾಕು, ಐದನೆಯದಕ್ಕೆ ಸುರಿಯುವ ದುಡ್ಡನ್ನು ರ್‍ಯಾಮ್‌ಗೆ ಹಾಕಿ. ಮುಗಿದ ಕೆಲಸಕ್ಕೆ ದೊಡ್ಡದೊಂದು ಸಿಎಂಆರ್ ಹಾರ್ಡ್ ಡಿಸ್ಕು, ಅದರದೇ ಪ್ರತಿಯಾಗಿ ಬೇರೊಂದು ಮನೆಯಲ್ಲಿಡಲು ಇನ್ನೊಂದು. ಬರೀ ಸ್ಥಿರಚಿತ್ರ ಮಾಡುವ ವಾಸ್ತುಶಿಲ್ಪಿಗಳಿಗೆ ಒಂದೇ ಎಸ್‌ಎಸ್‌ಡಿ, ಒಂದು ಹಾರ್ಡ್ ಡಿಸ್ಕು ಸಾಕಾದೀತು.

ಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಆನ್‌ಲೈನ್‌ನಲ್ಲೇ ತರಿಸಿ, ಕಂಪನಿಯ ಹೆಸರನ್ನಷ್ಟೇ ನೋಡಿ ದುಡ್ಡು ಎಣಿಸಬೇಡಿ. ಒಂದೇ ಹೆಸರಿನಡಿ ಟಿಎಲ್‌ಸಿಯೂ ಕ್ಯುಎಲ್‌ಸಿಯೂ, ಸಿಎಂಆರೂ ಎಸ್‌ಎಂಆರೂ ಬಿಕರಿಯಾಗುತ್ತವೆ. ಪೂರ್ತಿ ಮಾದರಿ ಸಂಖ್ಯೆಯನ್ನು ತಯಾರಕರ ವಿವರಪಟ್ಟಿಗೆ ತಾಳೆ ನೋಡಿ, ಬರಹದ ಭರವಸೆ ಎಷ್ಟು ಟಿಬಿ, ವಾರಂಟಿ ಮೂರು ವರ್ಷವೋ ಐದೋ ಎಂದು ಕೇಳಿ ತಿಳಿದುಕೊಂಡು, ಆ ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.